ಕೊನೆಯ ಕಂತಿಗೆ ಯಾರು ಬರಬೇಕು

ಬಹರಿ, ಅಲೆಕ್ಸಾಂಡ್ರಿಯಾ
ರಂಜಾನ್ ಹದಿಮೂರು

ಮಗಳೇ ಶಹೀರಾ,

ಉಪವಾಸ ಹೇಗೆ ಸಾಗಿದೆ? ಇಫ್ತಾರಿನ ಹೊತ್ತಿಗೆ ಬಿಸಿಯಾಗಿ ಏನಾದರೂ ಹೊಟ್ಟೆಗೆ ಬೀಳುತ್ತಿದೆಯೋ, ಕೈರೋದ ಆ ಸ್ಟುಡಿಯೋದವರು ಹಂಚುವ ತಣ್ಣನೆಯ ಕೋಳಿ ಪೊಟ್ಟಣವೇ ಗತಿಯೋ? ನಾನು ಚೆನ್ನಾಗಿದ್ದೇನೆ. ಮಂಡಿ ಚೆನ್ನಾಗಿಲ್ಲ, ಆದರೆ ಅದು ಹೊಸ ಸುದ್ದಿಯಲ್ಲ. ನೀನು ಬರೆದು ಕೇಳಿದ್ದಕ್ಕೆ ಉತ್ತರ ತಡವಾಯಿತು, ಕ್ಷಮಿಸು. ಕೆಲಸ ಜಾಸ್ತಿ ಎಂದು ಸುಳ್ಳು ಹೇಳುವುದಿಲ್ಲ. ಸಿಟ್ಟು ಬಂದಿತ್ತು. ಬರೆಯಲು ಕೂತಾಗಲೆಲ್ಲ ಮೊದಲ ಸಾಲೇ ಬೈಗುಳವಾಗುತ್ತಿತ್ತು, ಹರಿದು ಹಾಕುತ್ತಿದ್ದೆ.

ಫೋನ್ ಮಾಡಬಾರದಿತ್ತೇ ಅನ್ನಬೇಡ. ಫೋನಿನಲ್ಲಿ ನೀನು ‘ಹ್ಞೂಂ ಅಮ್ಮ, ಹ್ಞೂಂ ಅಮ್ಮ’ ಅನ್ನುತ್ತ ಇನ್ಯಾರಿಗೋ ಕೈಸನ್ನೆ ಮಾಡುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಕಾಗದಕ್ಕೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಗಟ್ಟಿಯಾದದ್ದು ನಾಟಕದ ಕಂಪನಿಯಲ್ಲಿ, ಬೇರೆಯವರ ಪಾತ್ರದ ಮಾತುಗಳನ್ನು ನಕಲು ಮಾಡುತ್ತಾ. ಕಾಗದದಲ್ಲೂ ಕಿರುಚುತ್ತಾಳೆ ಅನಿಸಿದರೆ ಸ್ವಲ್ಪ ದೂರ ಹಿಡಿದು ಓದು.

ನೀನು ಬರೆಯುವ ‘ಬುಟ್ಟಿ ಇಳಿಸು’ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸಿಲ್ಲ. ಇಫ್ತಾರ್ ಮುಗಿಸಿ ಎದುರಿನ ಕಟ್ಟಡಕ್ಕೆ ಹೋಗುತ್ತೇನೆ. ಉಮ್ ರಗಬಳ ಟಿವಿ ನನ್ನದಕ್ಕಿಂತ ದೊಡ್ಡದು. ಅವಳು, ಅವಳ ಮಗಳು ಹನಾ, ಬಲೆ ಹೆಣೆಯುವ ಹಾಜಿ ಅತಿಯಾ, ಅಂದರೆ ಹನಾಳ ಚಿಕ್ಕಪ್ಪ, ಮತ್ತೆ ನಾನು. ನೀವು ಕ್ಯಾಮೆರಾದ ಹಿಂದೆ ಕೂತವರಿಗೆ ನೋಡುವವರ ಉಸಿರು ಕೇಳಿಸುವುದಿಲ್ಲ. ನಾವು ಸಮುದ್ರದಂಚಿನ ಆ ಮರದ ಥಿಯೇಟರಿನಲ್ಲಿ ಆಡುತ್ತಿದ್ದಾಗ ಬೇಕೋ ಬೇಡವೋ ಎಲ್ಲ ಕೇಳಿಸುತ್ತಿತ್ತು. ಇವತ್ತು ನಗದ ಮಾತು ನಾಳೆ ಇರುತ್ತಿರಲಿಲ್ಲ. ನಿನಗೆ ಆ ಭಾಗ್ಯವಿಲ್ಲ. ಆದ್ದರಿಂದ ನಾನು ಕೇಳಿಸಿಕೊಂಡದ್ದನ್ನು ಹೇಳುತ್ತೇನೆ.

ಮೊದಲ ನಾಲ್ಕೈದು ಕಂತು ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೇಲಿನ ಮಹಡಿಯವಳು ಹಗ್ಗ ಕಟ್ಟಿ ಬೀದಿಗೆ ಇಳಿಸಿದ ಬುಟ್ಟಿಗೆ ಮೀನಿನವನು ಮೀನು ಹಾಕಿದರೆ, ಕೆಳಗಿನವಳು ಅದನ್ನು ತೆಗೆದು ಚಪ್ಪಲಿ ಹಾಕಿ ಕಳಿಸುವುದು. ಅದು ನನ್ನದೇ ಕಿತಾಪತಿ, ಕದ್ದಿದ್ದೀಯ, ಇರಲಿ. ಆಮೇಲೆ ಆ ಮೇಲಿನವಳ ಮಗ ನಬೀಲ್ ಯಾರಿಗೂ ಹೇಳದೆ ಇಟಲಿಯ ದೋಣಿ ಹತ್ತಿದ. ಟಿವಿಯ ಮುಂದೆ ನಗು ನಿಂತಿತು. ನಬೀಲ್ ಎಂದು ನೀನು ಹೆಸರಿಟ್ಟಿರಬಹುದು. ಅವನು ಅಂಗಿಯ ತೋಳನ್ನು ಒಂದು ಕಡೆ ಮಾತ್ರ ಮಡಚಿಕೊಳ್ಳುವುದು ನೋಡಿದರೆ ಶೌಕಿ ಅಂತ ಬಹರಿಯ ಬೆಕ್ಕಿಗೂ ಗೊತ್ತಾಗುತ್ತದೆ. ತಮ್ಮನ ಬಗ್ಗೆ ಬರೆಯುತ್ತೇನೆ ಅಂತ ನೀನು ನನಗೆ ಒಂದು ಮಾತು ಹೇಳಲಿಲ್ಲ. ಸಿಟ್ಟು ಬಂದದ್ದು ಅದಕ್ಕೆ. ಉಮ್ ರಗಬ್ ಎದ್ದು ಚಹಾಕ್ಕೆ ಇಡುತ್ತೇನೆ ಅಂತ ಒಳಗೆ ಹೋದಳು. ಅವಳ ಮಗ ರಗಬನೂ ನಮ್ಮ ಶೌಕಿ ಹತ್ತಿದ ದೋಣಿಯಲ್ಲೇ ಹೋದವನಲ್ಲವೇ. ಚಹಾ ಬರಲೇ ಇಲ್ಲ.

ಆ ಹತ್ತನೇ ಕಂತಿನಲ್ಲಿ ಏನಾಯಿತು ನಿನಗೆ? ಕಪ್ಪು ಕನ್ನಡಕದ ಪೊಲೀಸ್ ಅಧಿಕಾರಿ ಎಲ್ಲಿಂದ ಉದುರಿದ? ಈಗ ನೋಡಿದರೆ ಗಟಾರದಲ್ಲಿ ಮೊಬೈಲು ಸಿಗುತ್ತದೆ, ದೋಣಿಯ ದಲ್ಲಾಳಿಯನ್ನು ಹಿಂಬಾಲಿಸುತ್ತಾರೆ, ಹಿನ್ನೆಲೆಯಲ್ಲಿ ಡಬಡಬ ಸದ್ದು. ನೀನು ಬರೆದಿದ್ದೀಯ, ‘ಅಮ್ಮ, ಈಗ ಒಂದೇ ಬಗೆಯ ಕಥೆ ಅಂತಿಲ್ಲ, ಎಲ್ಲ ಬೆರೆಸ್ತಾರೆ’ ಅಂತ. ಬೆರೆಸು, ಯಾರು ಬೇಡ ಅಂದರು? ಕುಶರಿಯಲ್ಲೂ ಅನ್ನ, ಬೇಳೆ, ಶಾವಿಗೆ ಎಲ್ಲ ಬೆರೆಸುತ್ತಾರೆ. ಅದರ ಮೇಲೆ ಯಾರಾದರೂ ಪಾಯಸ ಸುರಿಯುತ್ತಾರೆಯೇ?

ನೀನು ಓದಿದ ಸಿನಿಮಾ ಸಂಸ್ಥೆಯಲ್ಲಿ ಏನು ಕಲಿಸಿದರೋ ಗೊತ್ತಿಲ್ಲ. ನಿನ್ನಪ್ಪ ಮತ್ತು ನಾನು ಹೀಗೆ ಲೆಕ್ಕ ಹಾಕುತ್ತಿದ್ದೆವು: ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ? ಪ್ರಹಸನದಲ್ಲಿ ಗಂಡ ಬೀರುವಿನೊಳಗಿದ್ದಾನೆ ಅಂತ ನೋಡುವವರಿಗೆ ಗೊತ್ತು, ರಂಗದ ಮೇಲಿರುವವರಿಗೆ ಗೊತ್ತಿಲ್ಲ, ಅದಕ್ಕೇ ನಗು. ಪೊಲೀಸ್ ಕಥೆಯಲ್ಲಿ ಕೊಂದವನೊಬ್ಬನಿಗೆ ಗೊತ್ತು, ಉಳಿದವರೆಲ್ಲ ಅವನ ಹಿಂದೆ. ಅಳುವ ಕಥೆಯಲ್ಲಿ ಎಲ್ಲರಿಗೂ ಗೊತ್ತು, ತಪ್ಪಿಸಲು ಮಾತ್ರ ಆಗುವುದಿಲ್ಲ. ನೀನು ಮೂರನ್ನೂ ಒಂದೇ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದೀಯ. ಜಗಳವಾಗದೆ ಇರುತ್ತದೆಯೇ?

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಬೀಲ್ ಕೊನೆಗೆ ವಾಪಸ್ ಬರಬೇಕೋ ಬೇಡವೋ ಅಂತ ಕೇಳಿದ್ದೀಯ. ಕೊನೆಯ ಕಂತು ಹಬ್ಬದ ಹಿಂದಿನ ಸಂಜೆ ಬರುತ್ತದೆ, ಜನ ಅಳುತ್ತ ಹಬ್ಬ ಮಾಡಬಾರದು, ಮಗ ಬಾಗಿಲಲ್ಲಿ ನಿಂತಿರಬೇಕು ಅಂತ ನಿರ್ಮಾಪಕ ಮಮ್ದೂಹ್ ಹಟ ಹಿಡಿದಿದ್ದಾನೆ, ನಿನಗೆ ಮನಸ್ಸಿಲ್ಲ ಅಂತ ಬರೆದಿದ್ದೀಯ. ಆ ಮಮ್ದೂಹನನ್ನು ಕಂಡರೆ ನನಗಾಗದು, ಆದರೆ ಈ ಒಂದರಲ್ಲಿ ಅವನು ಸರಿ. ಬರಲಿ, ಬಿಡು. ನಗಿಸುತ್ತೇನೆ ಅಂತ ಕರೆದು ಕೂರಿಸಿದವಳು ನೀನು. ಒಂದು ಬೇಸಿಗೆ ನಿನ್ನಪ್ಪನಿಗೂ ಹುಚ್ಚು ಹಿಡಿದು ಪ್ರಹಸನದ ಕೊನೆಗೆ ನಾಯಕನನ್ನು ಸಾಯಿಸಿದ್ದ. ನಾನು ಹೆಣದ ಮೇಲೆ ಬಿದ್ದು ಅಳುತ್ತಿದ್ದೇನೆ, ಮೇಲಿನ ಸಾಲಿನಿಂದ ಒಬ್ಬ ಮೀನುಗಾರ ಕೂಗಿದ: ‘ಏಳಲೇ, ಸಾಕು! ನಾಳೆ ಬರ್ತೀನಿ, ಅಷ್ಟರಲ್ಲಿ ಬದುಕಿರ್ಬೇಕು!’ ಮಾರನೇ ದಿನ ಬದುಕಿಸಿದೆವು. ಕಥೆಯಲ್ಲಿ ಅದು ನಮ್ಮ ಕೈಲಿತ್ತು. ನಿನ್ನ ಕೈಲೂ ಇದೆ.

ಶೌಕಿಯ ವಿಷಯ ಬೇರೆ. ಅವನ ದೋಣಿ ಹೋದ ಮೇಲೆ ಇದು ಐದನೇ ರಂಜಾನ್. ಅದು ಏನಾಯಿತೆಂದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ, ಅಲ್ಲಿಯ ಸರಕಾರಕ್ಕೂ ಇಲ್ಲಿಯ ಸರಕಾರಕ್ಕೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲದ ಕಥೆಯನ್ನು ಯಾವ ಕಂಪನಿಯೂ ಆಡುವುದಿಲ್ಲ. ಅದನ್ನು ಇದರೊಳಗೆ ತರಬೇಡ.

ನಿನ್ನ ಕೈಗೆ ಬರಕತ್ ಇರಲಿ, ಆ ಕನ್ನಡಕದವನಿಗೆ ವರ್ಗಾವಣೆಯಾಗಲಿ.

ನಿನ್ನ ತಾಯಿ,
ಬದ್ರಿಯಾ

*

ಬಹರಿ
ರಂಜಾನ್ ಇಪ್ಪತ್ತೊಂದು

ಶಹೀರಾ,

ಕುಶಲ ಆಮೇಲೆ ಕೇಳುತ್ತೇನೆ. ಅಂಚೆಯನ್ನು ನಂಬದೆ ಇದನ್ನು ಕೈರೋಗೆ ಹೋಗುವ ಮೈಕ್ರೋಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ. ಸ್ಟುಡಿಯೋದ ಗೇಟಿನಲ್ಲಿ ಕೊಟ್ಟೇ ಬರುತ್ತೇನೆ ಅಂತ ಆಣೆ ಇಟ್ಟಿದ್ದಾನೆ. ಹಿಂದಿನ ಕಾಗದದಲ್ಲಿ ಹೇಳಿದ್ದನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ನಬೀಲ್ ಬರಬಾರದು.

ನಡೆದದ್ದು ಇಷ್ಟು. ಮೊನ್ನೆ ಕಂತು ಮುಗಿದ ಮೇಲೆ ಟಿವಿಯಲ್ಲಿ ‘ಕೊನೆಯ ವಾರ’ ಅಂತ ಒಂದು ತುಣುಕು ತೋರಿಸಿದರು. ಬಂದರಿನ ಗೇಟು, ಒಬ್ಬನ ಬೆನ್ನು, ಹೆಗಲಿಗೆ ಚೀಲ, ಮಡಚಿದ ಒಂದು ತೋಳು. ತಾಯಿಯ ಪಾತ್ರದ ನಿಹಾಲ್ ಮೇಡಂ ಬಾಲ್ಕನಿಯಲ್ಲಿ ತಿರುಗಿ ನೋಡುತ್ತಾಳೆ, ಅಷ್ಟೇ. ಉಮ್ ರಗಬ್ ನನ್ನ ಮೊಣಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಇನ್ನೂ ನೀಲಿಯಾಗಿದೆ.

“ಬದ್ರಿಯಾ, ಸುದ್ದಿ ಬಂದಿದೆ!”

“ಯಾವ ಸುದ್ದಿನೇ?”

“ನಂಗೇ ಕೇಳ್ತೀಯಾ? ಬರೆದೋಳು ಯಾರು? ಶಹೀರಾ. ಅವ್ಳು ಯಾರು? ಶೌಕಿ ಅಕ್ಕ. ಅವ್ಳಿಗೆ ಗೊತ್ತಿಲ್ದೆ ಹೀಗೆ ಬರೀತಾಳಾ? ಹುಡುಗ್ರು ಸಿಕ್ಕಿದಾರೆ. ಎಲ್ಲೋ ಜೈಲಲ್ಲಿ ಇದ್ರು, ಈಗ ಬಿಡ್ತಿದಾರೆ. ಸರ್ಕಾರದೋರು ಬಾಯಿ ಬಿಡ್ಬೇಡಿ ಅಂದಿರ್ತಾರೆ, ಅದಕ್ಕೆ ಕಥೆ ಥರ ಹೇಳ್ತಿದಾಳೆ.”

“ಕಥೆ ಥರ ಅಲ್ಲ ಮಾರಾಯ್ತಿ, ಅದು ಕಥೆನೇ!”

ಅವಳು ನನ್ನ ಮುಖ ನೋಡಿ ಕಣ್ಣು ಮಿಟುಕಿಸಿದಳು. ಶಹೀರಾ, ಐದು ವರ್ಷದಿಂದ ಆ ಹೆಂಗಸು ಕಣ್ಣು ಮಿಟುಕಿಸಿದ್ದನ್ನು ನಾನು ನೋಡಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಹನಾಳ ನಿಕಾಹ್ ಹಬ್ಬದ ಮೂರನೇ ದಿನಕ್ಕೆ ಗೊತ್ತಾಗಿರುವುದು ನಿನಗೂ ಗೊತ್ತು. ತಂದೆ ಇಲ್ಲದ ಹುಡುಗಿ, ಅಣ್ಣ ಊರಲ್ಲಿಲ್ಲ, ಆದ್ದರಿಂದ ಅವಳ ಕಡೆಯಿಂದ ಮದುಮಗನ ಕೈ ಹಿಡಿದು ಹೆಣ್ಣು ಒಪ್ಪಿಸುವವನು ಚಿಕ್ಕಪ್ಪ ಹಾಜಿ ಅತಿಯಾ ಅಂತ ತೀರ್ಮಾನವಾಗಿತ್ತು. ಅವನು ಹೊಸ ಜುಬ್ಬಾ ಹೊಲಿಸಿ ಬೀದಿಗೆಲ್ಲ ತೋರಿಸಿಕೊಂಡು ಬಂದಿದ್ದ. ನಿನ್ನೆ ಮಧ್ಯಾಹ್ನ ಉಮ್ ರಗಬ್ ಅವನನ್ನು ಕರೆಸಿ ಹೇಳಿದ್ದಾಳೆ, ‘ಹಾಜಿ, ನಿಮಗ್ಯಾಕೆ ತೊಂದ್ರೆ, ತಂಗೀನ ರಗಬನೇ ಒಪ್ಪಿಸ್ಕೊಡ್ತಾನೆ. ಅವ್ನು ಬಂದು ನಾಲ್ಕು ದಿನ ಮಲಗಿ ಸುಧಾರಿಸ್ಕೊಳ್ಳಿ, ಆಮೇಲೆ ನಿಕಾಹ್ ಇಟ್ಕೊಳ್ಳೋಣ.’ ಗಂಡಿನ ಮನೆಗೂ ಹಾಗೇ ಹೇಳಿ ಕಳಿಸಿದ್ದಾಳೆ. ಆ ಹುಡುಗನ ರಜೆ ಹಬ್ಬದ ವಾರಕ್ಕೆ ಮುಗಿಯುತ್ತದೆ, ಮತ್ತೆ ಕುವೈತು. ಅವನ ತಾಯಿ ಈ ಬೀದಿಗೆ ಕೇಳಿಸುವ ಹಾಗೆ ಅಂದಳಂತೆ, ‘ಹೆಣ್ಣು ಕೊಡೋಕೆ ಮನಸ್ಸಿಲ್ಲ ಅಂದ್ರೆ ನೇರ ಹೇಳಿ. ಸತ್ತೋರನ್ನ ಎಬ್ಬಿಸ್ಕೊಂಡು ಬಂದು ಮದುವೆ ಮಾಡೋ ಮನೆತನ ನಮಗೆ ಬೇಡ.’

ಹಾಜಿ ಅತಿಯಾ ನನ್ನ ಅಡುಗೆಮನೆಗೇ ಬಂದು ಸ್ಟೂಲಿನ ಮೇಲೆ ಕೂತ.

“ಬದ್ರಿಯಕ್ಕ, ಇದೆಲ್ಲ ನಿನ್ ಮಗಳ ಕೆಲ್ಸ.”

“ನನ್ ಮಗಳು ನಿನ್ ಅತ್ತಿಗೆಗೆ ಮದುವೆ ನಿಲ್ಸು ಅಂತ ಹೇಳಿದ್ಲಾ?”

“ಸರಿ, ಗುಟ್ಟು ನಿನ್ನಲ್ಲೇ ಇರ್ಲಿ. ಒಂದ್ಮಾತು ಹೇಳು ಸಾಕು, ಹುಡುಗ್ರು ಬರ್ತಿದಾರಾ ಇಲ್ವಾ? ಬರೋದಾದ್ರೆ ನಾನು ಜುಬ್ಬಾ ಮಡಚಿಡ್ತೀನಿ, ಬೇಜಾರಿಲ್ಲ.”

ಅವನಿಗೂ ನಂಬಿಕೆ ಹತ್ತಿಬಿಟ್ಟಿದೆ ನೋಡು. ನಾನು ಅವನ ಕೈ ಹಿಡಿದು ದರದರ ಎಳೆದುಕೊಂಡು ಎದುರುಮನೆಯ ಮೆಟ್ಟಿಲು ಹತ್ತಿದೆ. ಈ ಮಂಡಿ ಇಟ್ಟುಕೊಂಡು! ಉಮ್ ರಗಬಳನ್ನು ಎದುರಿಗೆ ಕೂರಿಸಿ ಹೇಳಿದೆ: “ಕೇಳು. ಯಾವ ಸುದ್ದಿಯೂ ಬಂದಿಲ್ಲ. ಶಹೀರಾಗೆ ನಿನಗಿಂತ ಒಂದಕ್ಷರ ಜಾಸ್ತಿ ಗೊತ್ತಿಲ್ಲ. ಆ ಬೆನ್ನು ಒಬ್ಬ ನಟನ ಬೆನ್ನು, ದಿನಗೂಲಿಗೆ ಬಂದು ನಿಂತಿದಾನೆ.” ಕುರಾನಿನ ಮೇಲೆ ಆಣೆ ಹಾಕಿದೆ. ದನಿ ಏರಿತು, ಮೇಜು ಬಡಿದೆ, ಕೊನೆಗೆ ಅತ್ತೂ ಬಿಟ್ಟೆ.

ಆ ಹೆಂಗಸು ಚಪ್ಪಾಳೆ ತಟ್ಟಿದಳು.

“ಅಯ್ಯೋ ನಿನ್ನ! ಇವಳ ಅಳು ನೋಡಿ ಹಾಜಿ! ‘ಮನೆ ಒಡತಿ’ ಪಾತ್ರದಲ್ಲಿ ಥೇಟ್ ಹಿಂಗೇ ಅಳ್ತಿದ್ಲು, ಗಂಡ ಬೀರುವಿನಲ್ಲಿ ಇಲ್ಲ ಇಲ್ಲ ಅಂತ ಆಣೆ ಹಾಕ್ತಿದ್ಲು. ಬೀರು ತೆಗೆದ್ರೆ ಒಳಗೇ ಇರ್ತಿದ್ದ!”

ಹಾಜಿ ಅತಿಯಾನೂ ನಕ್ಕ. ಹನಾ ಬಾಗಿಲ ಹತ್ತಿರ ನಿಂತಿದ್ದಳು, ಅವಳೊಬ್ಬಳು ನಗಲಿಲ್ಲ. ನಾನು ಕೆಳಗಿಳಿದು ಬರುವಾಗ ಮೆಟ್ಟಿಲಲ್ಲಿ ಹಿಡಿದು ಕೇಳಿದಳು, “ಅತ್ತೆ, ಅವ್ರು ಕುವೈತಿಗೆ ಹೊರಟುಹೋದ್ರೆ ನಾನು ಯಾರನ್ನ ಕಾಯ್ಲಿ? ಅಣ್ಣನ್ನ ಕಾಯೋದೇ ನಂಗೆ ಸಾಕಾಗಿದೆ.”

ನಾನು ನಲವತ್ತು ವರ್ಷ ಜನರನ್ನು ನಂಬಿಸುವ ಕೆಲಸ ಮಾಡಿದವಳು. ಇವತ್ತು ನಿಜ ಹೇಳಿದರೆ ಒಬ್ಬಳೂ ನಂಬುತ್ತಿಲ್ಲ. ಅವರು ನಂಬುವುದು ನಿನ್ನ ಧಾರಾವಾಹಿಯನ್ನು. ಆದ್ದರಿಂದ ಅದೇ ಹೇಳಬೇಕು.

ಆದರೆ ಹೇಗೆ? ನಿನ್ನೆಯಿಂದ ಈ ಮನೆಯಲ್ಲಿ ಕೂರಲಾಗದೆ ಅಡುಗೆಮನೆಗೂ ಬಾಲ್ಕನಿಗೂ ಓಡಾಡುತ್ತಿದ್ದೇನೆ. ಬೇಳೆ ಸೀದುಹೋಯಿತು. ನಬೀಲ್ ಸತ್ತ ಅಂತ ತೋರಿಸಬೇಡ. ಅದು ನಿನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಉಮ್ ರಗಬಳಿಗೆ ಸುದ್ದಿಯಾಗಿ ಕೊಡುವ ಹಕ್ಕು ನಿನಗಿಲ್ಲ. ಮತ್ತೆ ಆ ಮಮ್ದೂಹ್ ಖಂಡಿತ ಇನ್ನೊಂದು ಉಪಾಯ ತೆಗೆಯುತ್ತಾನೆ. ಬಾಗಿಲು ಬಡಿಯುವ ಸದ್ದು, ತಾಯಿ ಎದ್ದು ನಿಲ್ಲುತ್ತಾಳೆ, ಚಿತ್ರ ಅಲ್ಲೇ ನಿಂತುಬಿಡುತ್ತದೆ, ಬಂದವರು ಯಾರೋ ಏನೋ ನೋಡುವವರೇ ತಿಳಿದುಕೊಳ್ಳಲಿ ಅಂತ. ಅದಕ್ಕೆ ಕೊನೆ ಅನ್ನುವುದಿಲ್ಲ, ಓಡಿಹೋಗುವುದು ಅನ್ನುತ್ತಾರೆ. ಉಮ್ ರಗಬ್ ಆ ಬಾಗಿಲ ಸದ್ದಿನಲ್ಲೇ ಇನ್ನೈದು ವರ್ಷ ಕಳೆಯುತ್ತಾಳೆ.

ಬಾಲ್ಕನಿಯಲ್ಲಿ ನಿಂತಾಗ ಹೊಳೆಯಿತು. ನೀನು ಶುರು ಮಾಡಿದ್ದು ಯಾವ ಕಥೆ? ಬುಟ್ಟಿ, ಚಪ್ಪಲಿ, ಮೇಲಿನವಳು, ಕೆಳಗಿನವಳು. ಪ್ರಹಸನ ಯಾವುದರಿಂದ ಮುಗಿಯುತ್ತದೆ? ಹೋದವರು ಬರುವುದರಿಂದಲ್ಲ, ನಾನು ಆ ಕಾಗದದಲ್ಲಿ ದಡ್ಡಿಯ ಹಾಗೆ ಬರೆದೆ. ಮದುವೆಯಿಂದ ಮುಗಿಯುತ್ತದೆ! ನಾವು ಆಡಿದ ಒಂದೊಂದೂ ಹಾಗೇ ಮುಗಿಯುತ್ತಿತ್ತು. ನಿನ್ನ ಕಥೆಯಲ್ಲೂ ನಬೀಲನಿಗೊಬ್ಬ ತಂಗಿ ಇದ್ದಾಳೆ, ಕೆಳಗಿನ ಮನೆಯವಳ ಮಗನನ್ನು ಮೊದಲ ಕಂತಿನಿಂದ ಇಣುಕಿ ನೋಡುತ್ತಿದ್ದಾಳೆ, ನೀನು ಪೊಲೀಸರ ಗಲಾಟೆಯಲ್ಲಿ ಅವಳನ್ನು ಮರೆತಿದ್ದೀಯ. ಅವಳ ಮದುವೆ ಮಾಡು. ಅಣ್ಣ ಬರಲಿ ಅಂತ ನಿಲ್ಲಿಸಿದ್ದನ್ನು ತಾಯಿಯೇ ಮುಂದೆ ನಿಂತು ನಡೆಸಲಿ. ಚಿಕ್ಕಪ್ಪನನ್ನು ಅವಳೇ ಕರೆಯಲಿ. ಅಷ್ಟು ಸಾಕು.

ನಿಹಾಲ್ ಮೇಡಂ ಒಪ್ಪುವುದಿಲ್ಲ, ಮಗನನ್ನು ಅಪ್ಪಿಕೊಂಡು ಅಳುವ ದೃಶ್ಯ ಬೇಕು ಅನ್ನುತ್ತಾಳೆ. ಅವಳಿಗೆ ಹೀಗೆ ಹೇಳು: ಮಗ ಬಂದರೆ ಕ್ಯಾಮೆರಾ ಮಗನ ಮುಖ ನೋಡುತ್ತದೆ, ಬರದಿದ್ದರೆ ಅದಕ್ಕೆ ನಿಮ್ಮ ಮುಖ ಬಿಟ್ಟು ಬೇರೆ ಗತಿಯಿಲ್ಲ. ಮಮ್ದೂಹನನ್ನು ಅವಳೇ ನೋಡಿಕೊಳ್ಳುತ್ತಾಳೆ.

ಎಲ್ಲ ಮೊದಲೇ ಚಿತ್ರೀಕರಣ ಆಗಿಹೋಗಿದೆ ಅಂತ ಮಾತ್ರ ಹೇಳಬೇಡ. ಹಬ್ಬದ ಹಿಂದಿನ ದಿನದವರೆಗೂ ನೀವು ಬರೆಯುತ್ತಾ ಶೂಟಿಂಗ್ ಮಾಡುತ್ತಾ ಇರುತ್ತೀರೆಂದು ಇಡೀ ದೇಶಕ್ಕೆ ಗೊತ್ತು.

ಊಟ ಮಾಡು. ದೇವರು ನಿನ್ನ ದಾರಿ ಸುಗಮ ಮಾಡಲಿ.

ಬದ್ರಿಯಾ

*

ಬಹರಿ
ಹಬ್ಬದ ಮೂರನೇ ದಿನ

ನನ್ನ ಶಹೀರಾ,

ಹಬ್ಬದ ಶುಭಾಶಯ. ಪ್ರತಿ ವರ್ಷವೂ ನೀನು ಚೆನ್ನಾಗಿರು. ಫೋನು ಎತ್ತಲಿಲ್ಲ ಅಂತ ಸಿಟ್ಟಾಗಬೇಡ, ಮಾತಾಡಲು ಮನಸ್ಸಿರಲಿಲ್ಲ. ಹಬ್ಬದ ಕಹಕ್ ಬಿಸ್ಕತ್ತು ಒಂದು ಡಬ್ಬಿ ಇದರ ಜೊತೆ ಕಳಿಸಿದ್ದೇನೆ. ಸಕ್ಕರೆ ಪುಡಿ ಉದುರಿದ್ದರೆ ಡ್ರೈವರ್ ತಿಂದಿದ್ದಾನೆ ಅಂತ ಅರ್ಥ.

ಇಲ್ಲಿ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕೊನೆಯ ಕಂತಿಗೆ ಉಮ್ ರಗಬಳ ಮನೆ ತುಂಬಿ ಮೆಟ್ಟಿಲವರೆಗೂ ಜನ. ಅವಳು ಹೊಸ ನಿಲುವಂಗಿ ತೊಟ್ಟು ಬಾದಾಮಿ ಶರಬತ್ತು ಮಾಡಿಟ್ಟಿದ್ದಳು. ನಿಹಾಲ್ ಮೇಡಂ ಬಾಲ್ಕನಿಗೆ ಬಂದಳು, ಬಂದರಿನಲ್ಲಿ ಆ ಬೆನ್ನು ಕಾಣಿಸಿತು, ಮನೆಯಲ್ಲಿ ಉಸಿರಿಲ್ಲ. ಅವನು ತಿರುಗಿದ. ಯಾರೋ ಬೇರೆ ಹುಡುಗ, ಬೇರೆ ತಾಯಿಯ ಮಗ. ತೋಳು ಮಡಚಿಕೊಂಡವರೆಲ್ಲ ನಬೀಲ್ ಅಲ್ಲ. ಚಿತ್ರೀಕರಿಸಿ ಜಾಹೀರಾತಿನಲ್ಲಿ ತೋರಿಸಿಯೂ ಆಗಿದ್ದನ್ನು ನೀನು ಹೀಗೆ ಉಪಯೋಗಿಸಿದೆಯಲ್ಲ, ಅದು ನನಗೆ ಹೊಳೆದಿರಲಿಲ್ಲ. ಮೆಚ್ಚಿದೆ. ಹಾಗೆಯೇ ನಿಕಾಹ್ ಬರೆಸುವ ಮಾಜೂನ್ ‘ಹುಡುಗಿಗೆ ಅಣ್ಣ ಇದ್ದಾನಲ್ಲ, ತೀರಿಕೊಂಡನೋ?’ ಅಂತ ಕೇಳುವುದು, ನಿಹಾಲ್ ತಲೆಯ ಬಟ್ಟೆ ಸರಿಮಾಡಿಕೊಂಡು ‘ತೀರಿಕೊಂಡಿಲ್ಲ. ಗೈರು. ಚಿಕ್ಕಪ್ಪ ಇದ್ದಾನೆ, ಬರೆದುಕೋ’ ಅನ್ನುವುದು. ನಾನು ಮದುವೆ ಮಾಡು ಅಂದಿದ್ದೆ ಅಷ್ಟೇ. ಆ ಮಾತು ನಿನ್ನದು. ಅಳು ಇಲ್ಲ, ಹಿನ್ನೆಲೆಗೆ ಕೊಳಲೂ ಇಲ್ಲ. ಆಮೇಲೆ ಕೆಳಗಿನವಳು ಬುಟ್ಟಿಯಲ್ಲಿ ಮದುಮಗನ ಚಪ್ಪಲಿ ಕಳಿಸಿದಾಗ ಜನ ನಕ್ಕರು, ಮೂಗು ಒರೆಸುತ್ತಾ ನಕ್ಕರು.

ಉಮ್ ರಗಬ್ ನಗಲಿಲ್ಲ. ಶರಬತ್ತಿನ ಪಾತ್ರೆ ಎತ್ತಿ ಮೋರಿಗೆ ಸುರಿದಳು. ಎಲ್ಲರ ಎದುರು ನನಗೆ ಅಂದಳು:

“ನಿನ್ನ ಮಗಳಿಗೆ ಎದೇಲಿ ಕಲ್ಲಿದೆ. ಒಂದು ಬಾಗ್ಲು ತೆಗೆಯೋಕೆ ಅವಳ ಗಂಟೇನು ಹೋಗ್ತಿತ್ತು?”

ನಾನು ಉತ್ತರ ಕೊಡಲಿಲ್ಲ. ನನಗೂ ಉತ್ತರ ಕೊಡದೆ ಇರಲು ಬರುತ್ತದೆ, ನಿನಗೆ ಆಶ್ಚರ್ಯವಾಗಬಹುದು.

ಹಬ್ಬದ ದಿನ ಅವಳು ಬಾಲ್ಕನಿಗೂ ಬರಲಿಲ್ಲ. ಎರಡನೇ ದಿನ ಮಧ್ಯಾಹ್ನ ಬಂದು ನನ್ನ ಹೊಸ್ತಿಲಲ್ಲಿ ನಿಂತಳು. ಒಳಗೆ ಬಾ ಅಂದರೆ ಬರಲೊಲ್ಲಳು.

“ಹಾಜಿ ಅತಿಯಾನ ಹತ್ರ ನೀನು ಹೋಗು. ನಂಗೆ ಮುಖ ಇಲ್ಲ.”

“ಏನಂತ ಹೇಳ್ಲಿ?”

“ಗೊತ್ತಿಲ್ದೋಳ ಹಾಗೆ ಕೇಳ್ಬೇಡ.”

ಹೋದೆ. ಅವನು ಬಲೆಯ ಮೇಲೆ ಬಗ್ಗಿಕೊಂಡು ನನ್ನ ಕಡೆ ನೋಡದೆಯೇ ಹೇಳಿದ, “ಜುಬ್ಬಾ ಮಾರ್ಬಿಟ್ಟೆ.” ಅವನ ಹೆಂಡತಿ ಒಳಗಿನಿಂದ ಕೂಗಿದಳು, “ಸುಳ್ಳು ಬದ್ರಿಯಕ್ಕ, ಬೆಳಿಗ್ಗೆಯಿಂದ ಎರಡು ಸಲ ಇಸ್ತ್ರಿ ಮಾಡ್ಸಿದಾರೆ!” ಗಂಡಿನ ತಾಯಿಯ ಹತ್ತಿರವೂ ನಾನೇ ಹೋದೆ. ಅವಳ ಬಾಯಿಗೆ ನನ್ನ ಬಾಯಿ ಸರಿಹೋಯಿತು. ಅವಳು ಒಂದು ಗಂಟೆ ಬೈದಳು, ನಾನು ಅರ್ಧ ಗಂಟೆ ಬೈದೆ, ಆಮೇಲೆ ಕಾಫಿ ಕೊಟ್ಟಳು.

ಇವತ್ತು ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ನಿಕಾಹ್ ಆಯಿತು. ಹನಾ ನೀಲಿ ಬಟ್ಟೆಯಲ್ಲಿ ತುಂಬಾ ಚೆನ್ನಾಗಿ ಕಾಣುತ್ತಿದ್ದಳು. ಹಾಜಿ ಅತಿಯಾ ಮತ್ತು ಮದುಮಗ ಕೈಹಿಡಿದು, ಕೈಗಳ ಮೇಲೆ ಬಿಳಿ ವಸ್ತ್ರ ಹಾಕಿ, ಮಾಜೂನ್ ಶುರು ಮಾಡುವ ಮುಂಚೆ ಕತ್ತೆತ್ತಿ ಕೇಳಿದ, “ಅಣ್ಣ ಒಬ್ಬ ಇದ್ದ ಅಲ್ವಾ? ತೀರ್ಕೊಂಡ್ನಾ?” ನಿಜವಾಗಿಯೂ ಕೇಳಿದ ಶಹೀರಾ, ಅವನ ಕೆಲಸವೇ ಅದು. ಇಡೀ ಕೋಣೆ ಉಮ್ ರಗಬಳ ಕಡೆ ನೋಡಿತು. ಅವಳ ಕೈ ತಲೆಯ ಬಟ್ಟೆಗೆ ಹೋಯಿತು. ಇನ್ನೊಂದು ಕ್ಷಣವಾಗಿದ್ದರೆ ನಾನೇ ಬಾಯಿ ಹಾಕುತ್ತಿದ್ದೆ.

“ಗೈರು,” ಅಂದಳು. ಆಮೇಲೆ ಗಟ್ಟಿಯಾಗಿ, “ನನ್ ಮಗ ಗೈರು. ಅವನ ಚಿಕ್ಕಪ್ಪ ಇದಾನೆ. ಬರ್ಕೋ.”

ಮಾಜೂನ್ ಪೆನ್ನು ಹಿಡಿದು ಅವಳನ್ನೇ ನೋಡಿದ. “ಇದನ್ನ ಎಲ್ಲೋ ಕೇಳಿದ ಹಾಗಿದೆಯಲ್ಲ,” ಅಂದ. ಹಾಜಿ ಅತಿಯಾ ಗದರಿದ, “ಬರ್ಕೊಳ್ಳಯ್ಯಾ, ನನ್ ಕೈ ಬೆವರ್ತಾ ಇದೆ!” ಆಮೇಲೆ ಹೆಂಗಸರೆಲ್ಲ ನಾಲಿಗೆ ಮಿಡಿದು ಹರ್ಷದ ಕೂಗು ಹಾಕಿದರು. ನಾನೂ ಹಾಕಿದೆ. ಉಮ್ ರಗಬ್ ಬಂದು ನನ್ನ ಪಕ್ಕದಲ್ಲಿ ಕೂತಳು. ತಟ್ಟೆಯಲ್ಲಿದ್ದ ಸಿಹಿಯನ್ನು ಮುರಿದು ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿದಳು.

ಧಾರಾವಾಹಿಯ ಬಗ್ಗೆ ಪತ್ರಿಕೆಯಲ್ಲಿ ಯಾರೋ ‘ಕೊನೆ ಸಪ್ಪೆ’ ಅಂತ ಬರೆದಿದ್ದಾರಂತೆ. ಬರೆಯಲಿ. ಅವನು ಯಾವ ಕೋಣೆಯಲ್ಲಿ ಕೂತು ನೋಡಿದನೋ. ಮುಂದಿನ ಸಲ ಪೊಲೀಸರನ್ನು ಮಾತ್ರ ಕರೆಯಬೇಡ. ಪ್ರಹಸನ ಬರೆ, ಹಾಡಹಗಲಿನಂಥದ್ದು. ನಿನಗೆ ಬರುತ್ತದೆ. ಚಪ್ಪಲಿಯ ದೃಶ್ಯದಲ್ಲಿ ನಿನ್ನಪ್ಪನ ಕೈ ಕಾಣಿಸಿತು.

ದೇವರು ನಿನ್ನ ಕಣ್ಣಿಗೂ ಬೆನ್ನಿಗೂ ಬಲ ಕೊಡಲಿ, ನಿನ್ನ ಬಾಗಿಲಿಗೆ ಒಳ್ಳೆಯ ಸುದ್ದಿಯೇ ಬರಲಿ. ಒಂದು ವಾರ ರಜೆ ಹಾಕಿ ಬಾ. ಗೋಧಿ ತುಂಬಿದ ಪಾರಿವಾಳ ಮಾಡುತ್ತೇನೆ.

ನಿನ್ನ ತಾಯಿ,
ಬದ್ರಿಯಾ

ಇನ್ನೊಂದು ಮಾತು: ಬರೆಯಬಾರದು ಅಂತ ಅಂದುಕೊಂಡಿದ್ದೆ, ಆದರೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಅವನು ಬರಬಾರದು ಅಂತ ನಿನಗೆ ಬರೆದವಳು ನಾನು. ಬರುವುದಿಲ್ಲ ಅಂತ ಕೊನೆಯ ಕಂತಿನ ಸಂಜೆ ಆ ಕೋಣೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಆದರೂ ಆ ಹುಡುಗ ಬಂದರಿನಲ್ಲಿ ತಿರುಗುವಾಗ ನಾನು ಉಮ್ ರಗಬಳಿಗಿಂತ ಮುಂಚೆ ಎದ್ದು ನಿಂತಿದ್ದೆ. ಟಿವಿಯಲ್ಲಿ ನಿಕಾಹ್ ಮುಗಿಯಿತು, ಜನ ನಕ್ಕರು, ಹೆಸರುಗಳು ಮೇಲಕ್ಕೆ ಸರಿಯತೊಡಗಿದವು, ಆಗಲೂ ಬಾಗಿಲನ್ನೇ ನೋಡುತ್ತಿದ್ದೆ. ಎಲ್ಲಾದರೂ ನೀನು ಹಟ ಮಾಡಿ ಅವನನ್ನು ಕರೆತಂದಿರಬಹುದು ಅಂತ. ಚಿಕ್ಕಂದಿನಿಂದ ಒಂದು ದಿನ ನನ್ನ ಮಾತು ಕೇಳಿದವಳಲ್ಲ ನೀನು. ಇದೊಂದನ್ನು ಯಾಕೆ ಕೇಳಿದೆ, ಮಗಳೇ?